ಮಾಯಮ್ಮ ಶಾಲೆಗೆ ಬಂದಳು

ತೊಣ್ಣೂರು
22-1-1996

ಪ್ರೀತಿಯ ಅವ್ವನಿಗೆ ಮಗಳು ರಂಜಿತ ಮಾಡುವ ನಮಸ್ಕಾರ.

ಪೋಲಿಯೊ ಹನಿ ಹಾಕಿಸಿದರೆ ಗಂಡುಹುಡುಗರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಮೊಮ್ಮಗ ಲೋಕೇಶನಿಗೆ ಬೇಡವೇ ಬೇಡ ಎಂದು ಕೆ.ಆರ್. ಪೇಟೆಯಿಂದ ನೀನು ಬರೆದ ಕಾಗದ ಶುಕ್ರವಾರ ಸೇರಿತು. ಶನಿವಾರ ಹಾಕಿಸಿಬಿಟ್ಟೆ. ಬೈಯುವ ಮೊದಲು ಪೂರ್ತಿ ಓದು.

ನಮ್ಮ ಬೀದಿಯ ಮಾಯಮ್ಮನ ಮೂರು ವರ್ಷದ ಮಗ ಸಂತೋಷ, ಡಿಸೆಂಬರಿನಲ್ಲಿ ಮೊದಲ ಸಲ ಹನಿ ಹಾಕಿದ ಮೂರನೇ ದಿನ ತೀರಿಕೊಂಡ. ಮಂಡ್ಯದ ಡಾಕ್ಟರು ಮಿದುಳು ಜ್ವರ ಎಂದರು. ಊರು ಮಾತ್ರ ಹನಿಯೇ ಕೊಂದಿತು ಎಂದಿತು. ಪಾಂಡವಪುರದಿಂದ ಬಸ್ಸಿಗೆ ಬರುವ ನರ್ಸಮ್ಮ ದಿಲ್ಷಾದ್ ಅವರಿಗೆ ಆಮೇಲೆ ಯಾರೂ ಕುಡಿಯಲು ನೀರು ಸಹ ಕೊಡಲಿಲ್ಲ. "ಮಗೀನ ತಿಂದ್ಕೊಂಡೋಳು ಬಂದ್ಲು" ಎಂದು ಎದುರಿಗೇ ಅಂದರು. ಅವರು ತಿರುಗಿ ಒಂದು ಮಾತಾಡಲಿಲ್ಲ. ಬಾಣಂತಿಯರನ್ನು ನೋಡಲು ಬರುವುದನ್ನೂ ಬಿಡಲಿಲ್ಲ.

ಮೊನ್ನೆ ಎರಡನೇ ಸಲ ಹನಿ ಹಾಕುವ ದಿನ. ಮಧ್ಯಾಹ್ನವಾದರೂ ಶಾಲೆಯ ಜಗುಲಿಯಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಅವರೊಬ್ಬರೇ ಕೂತಿದ್ದರು. ನಾವು ಹೆಂಗಸರು ನಲ್ಲಿ ಹತ್ತಿರ ನಿಂತು ನೋಡುತ್ತಿದ್ದೆವು. ಆಗ ಮಾಯಮ್ಮ ಎಳೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಮಗ ಹೋದಮೇಲೆ ಅವಳು ಹೊಸಿಲು ದಾಟಿದ್ದು ಅವತ್ತೇ.

"ನನ್ ಮಗ ಹನಿ ಕುಡೀಲೇ ಇಲ್ಲ ಕಣ್ರವ್ವಾ. ಎದ್ರಕೊಂಡು ಕಣಜದ ಇಂದೆ ನಾನೇ ಬಚ್ಚಿಟ್ಟಿದ್ದೆ. ಆವಮ್ಮಂಗೆ ಗೊತ್ತಿತ್ತು, ಬಾಯ್ ಬುಡ್ನಿಲ್ಲ" ಎಂದಳು. ಹೋಗಿ ಮಗಳ ಬಾಯಿ ತಾನೇ ತೆರೆಸಿ ಹಿಡಿದಳು.

ನಾನು ಓಡಿಹೋಗಿ ಲೋಕೇಶನನ್ನು ಎತ್ತಿಕೊಂಡು ಬಂದೆ. ನನ್ನ ಹಿಂದೆ ಒಬ್ಬೊಬ್ಬರೇ ಬಂದರು. ಹನಿ ಹಾಕಿಸಿಕೊಂಡ ಮಕ್ಕಳ ಪುಸ್ತಕದಲ್ಲಿ ಸಂತೋಷನ ಹೆಸರು ಇಲ್ಲವೆಂದು ಯಾಕೆ ತೋರಿಸಲಿಲ್ಲ ಎಂದು ನರ್ಸಮ್ಮನನ್ನು ಕೇಳಿದೆ.

"ಮಗನ್ನ ಕಳ್ಕೊಂಡ ತಾಯಿ ಮುಂದೆ ಪುಸ್ತಕ ಬಿಚ್ಚಕ್ಕಾಯ್ತದೇನವ್ವ? ನನ್ನೇ ಬಯ್ಲಿ ಬುಡು ಅನ್ಕೊಂಡೆ" ಎಂದರು.

ನಿನ್ನ ಅನುಮಾನವನ್ನೂ ಕೇಳಿದೆ. "ನನ್ ಮಕ್ಳಿಗೂ ಆಕಿವ್ನಿ. ಅದು ಕಾಲು ಉಳ್ಸೋ ಔಸ್ದಿ, ಇನ್ನೇನೂ ಮಾಡಕಿಲ್ಲ" ಎಂದು ನಕ್ಕರು. ಅಷ್ಟು ಬೈಸಿಕೊಂಡವರು ಹಾಗೆ ನಗಬಲ್ಲರು ಅವ್ವ. ಅಲ್ಲಿ ಅತ್ತಿಗೆಯ ಕೂಸಿಗೆ ಹಾಕಿಸದೆ ಇದ್ದರೆ ನೀನೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಿನ್ನ ಮಾತು ಮೀರಿದ ಮಗಳು,
ರಂಜಿತ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಹನಿಯಿಂದಲೇ ಮಗು ಹೋಯಿತೆಂದು ಹಾಲಿನ ಡೈರಿ ಮುಂದೆ ಮೊದಲು ಹೇಳಿದವಳು ನಾನೇ. ಅವರಿಬ್ಬರಿಗೂ ಇದು ಗೊತ್ತಿಲ್ಲ. ಈ ಕಾಗದ ಅಂಚೆಗೆ ಹಾಕಿ ಮಾಯಮ್ಮನ ಮನೆಗೆ ಹೋಗುತ್ತೇನೆ.