ಗವರ್ನರನ ಅತ್ತೆಗೆ ಒಂದು ಕೆಲಸ

ಗವರ್ನರರ ನಿವಾಸ,
ಸೋಮವಾರ, 9 ಮಾರ್ಚ್ 1914

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಹೊಳೆಯಾಚೆ ಅಕ್ಕನ ಮನೆಯ ಗಾಳಿ ಒಗ್ಗಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ನಿನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ಎಡ ಮಣಿಕಟ್ಟು ಮುರಿದಿದೆ. ನಿನ್ನೆ ಚರ್ಚಿನಿಂದ ಬಂದ ಮೇಲೆ ನಮ್ಮ ಎಮೆಟ್‌ನ ಮಾತು ಎತ್ತಿದೆ. ನಿನ್ನ ಅಳಿಯ ಕೈ ತಿರುಚಿ ಗೋಡೆಗೆ ನೂಕಿದರು. "ಶುಕ್ರವಾರ ನಿನ್ ತಮ್ಮನ್ನ ನೇಣಿಗೆ ಹಾಕೋದೇ. ಇನ್ನೊಂದ್ಸಲ ಅವನ ಹೆಸರು ಎತ್ತಿದ್ರೆ ಇನ್ನೊಂದ್ ಕೈನೂ ಹೋಗುತ್ತೆ" ಎಂದರು. ಆಮೇಲೆ ತಾವೇ ಡಾಕ್ಟರನ್ನು ಕರೆಸಿದರು. ಮೆಟ್ಟಿಲಲ್ಲಿ ಜಾರಿದೆ ಎಂದು ಹೇಳಿದವಳು ನಾನೇ.

ಇವರು ಮೇಲೆ ಬಂದದ್ದೇ ಹೊಡೆದು ಹೊಡೆದು. ಗಣಿಸ್ಫೋಟದಲ್ಲಿ ಅನಾಥರಾದ ಇವರನ್ನು, ಆಗಿನ ಒಂಬತ್ತು ವರ್ಷದ ಹೈರಮ್‌ನನ್ನು, ಮನೆಗೆ ಕರೆತಂದು, ಮೂರು ಚಳಿಗಾಲ ಬೀನ್ಸು, ರೊಟ್ಟಿ ಹಾಕಿ ಉಳಿಸಿಕೊಂಡವಳು ನೀನು. ಇಪ್ಪತ್ತಕ್ಕೆ ಗಣಿಯ ಮೇಸ್ತ್ರಿಯ ಹಲ್ಲು ಉದುರಿಸಿದಾಗ ಕೂಲಿಯವರು ಹೆಗಲ ಮೇಲೆ ಹೊತ್ತು ಕುಣಿದರು. ಬುದ್ಧಿಗೇಡಿ ನಾನು, ಮರುಳಾದದ್ದು ಅಂದೇ. ಮುಂದೆ ಕಾನೂನು ಓದಿ, ಸರ್ಕಾರಿ ವಕೀಲರಾಗಿ ಹನ್ನೆರಡು ಜನರನ್ನು ನೇಣಿಗೆ ಕಳಿಸಿ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಚುನಾವಣಾ ಸಭೆಯಲ್ಲಿ ಅಣಕಿಸಿದವನ ದವಡೆಯನ್ನು ವೇದಿಕೆಯ ಮೇಲೆಯೇ ಮುರಿದಾಗ ಜನ ಟೋಪಿ ಹಾರಿಸಿದರು, ಓಟೂ ಹಾಕಿದರು. ಆ ಕೈ ತಮ್ಮ ಕಡೆಯದು ಎಂದು ನಂಬಿದ್ದರು ಪಾಪ.

ಮುಷ್ಕರ ಶುರುವಾದಾಗ ಗಣಿ ಮಾಲೀಕರು ಇಲ್ಲಿಯೇ, ನನ್ನ ಊಟದ ಮೇಜಿನಲ್ಲಿ ಹಂದಿತೊಡೆ ತಿನ್ನುತ್ತ ಸೈನ್ಯ ಕೇಳಿದರು. ಇವರು ಕಳಿಸಿದರು. ಎಮೆಟ್ ಮತ್ತು ಮುಷ್ಕರ ಹೂಡಿದ ಕೂಲಿಯವರ ಡೇರೆಗಳ ಮೇಲೆ ಮಷೀನ್ ಗನ್ನಿನ ಗುಂಡು ಹಾರಿತು, ಹದಿನಾಲ್ಕು ಹೆಣ ಬಿತ್ತು. ಎಮೆಟ್‌ನ ಹೆಂಡತಿ ನೆಲ್ ಬಾಣಲೆ ಹಿಡಿದ ಕೈಯಲ್ಲೇ ಒಲೆಯ ಮೇಲೆ ಬಿದ್ದಳು, ಐದು ತಿಂಗಳ ಬಸುರಿ. ಅವನು ಪಿಕಾಸಿ ಎತ್ತಿಕೊಂಡು ಓಡಿ, ಗುಂಡು ಹಾರಿಸಿದ ಕ್ಯಾಪ್ಟನ್ನನ ತಲೆಗೆ ಒಂದೇ ಏಟು ಹಾಕಿ ಕೊಂದ. ತಪ್ಪು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಗವರ್ನರನ ಒಂದು ಸಹಿ ಬಿದ್ದರೆ ನೇಣು ತಪ್ಪಿ ಜೈಲಾಗುತ್ತದೆ. "ಬಾಮೈದ ಅಂತ ಬಿಟ್ರೆ ಮುಂದಿನ ಚುನಾವಣೇಲಿ ನನ್ ಬೆನ್ನಿಗೆ ಯಾವನು ನಿಲ್ತಾನೆ?" ಎನ್ನುತ್ತಾರೆ. ಅಸಹ್ಯವಾಗುತ್ತದೆ ಅಮ್ಮಾ.

ಅಕ್ಕನಿಗೂ ಮಕ್ಕಳಿಗೂ ನೆನಪು ತಿಳಿಸು. ಎಮೆಟ್‌ಗಾಗಿ ಮಂಡಿಯೂರಬೇಡ, ಕೂತೇ ಪ್ರಾರ್ಥಿಸು, ದೇವರೇನೂ ಕೋಪಿಸಿಕೊಳ್ಳುವುದಿಲ್ಲ.

ನಿನ್ನ ಮಗಳು,
ಲೊರೆನಾ

ತಾ.ಕ.: ಓದಿದೊಡನೆ ಇದನ್ನು ಒಲೆಗೆ ಹಾಕು. ನಮ್ಮಲ್ಲಿ ಗವರ್ನರ್ ರಾಜ್ಯದ ಗಡಿ ದಾಟಿದರೆ, ಮರಳಿ ಬರುವ ತನಕ ಉಪಗವರ್ನರನ ಸಹಿಯೇ ಗವರ್ನರನ ಸಹಿ. ಉಪಗವರ್ನರ್ ಹಾಸ್ಕಿನ್ಸ್ ಎದುರು ಪಕ್ಷದವನು. ಎಮೆಟ್‌ನ ನೇಣು ತಪ್ಪಿಸುವ ಕಾಗದ ಅವನ ಮೇಜಿನಲ್ಲಿ ಸಿದ್ಧವಿದೆ, ಇವತ್ತು ಬೆಳಿಗ್ಗೆ ನಾನೇ ನೋಡಿಬಂದೆ. ಅವನ ಭಯಕ್ಕೇ ಇವರು ಎರಡು ವರ್ಷದಿಂದ ಗಡಿಯ ಹೊಳೆ ದಾಟಿಲ್ಲ, ಪಕ್ಷದ ಮಹಾಸಭೆಗೂ ಹೋಗಲಿಲ್ಲ. ಆದರೆ ಕುಡಿದಾಗಲೆಲ್ಲ ಒಂದು ಮಾತು ಹೇಳುತ್ತಾರೆ: "ಆ ಮುದುಕಿ ಉಸಿರು ಬಿಡೋವಾಗ ನಾನು ಪಕ್ಕದಲ್ಲಿರ್ಬೇಕು ಕಣೇ. ಅವಳ ರೊಟ್ಟಿ ತಿಂದೇ ಬದುಕಿರೋದು." ಈ ಲೋಕದಲ್ಲಿ ಇವರಿಗೆ ಪ್ರೀತಿ ಇರುವುದು ನಿನ್ನೊಬ್ಬಳ ಮೇಲೆ. ನೀನಿರುವುದು ಆಚೆ ರಾಜ್ಯದಲ್ಲಿ. ಬುಧವಾರ ಸಂಜೆ ಅಕ್ಕನ ಕೈಯಲ್ಲಿ ತಂತಿ ಕೊಡಿಸು, ಅಮ್ಮ ಸಾಯುತ್ತಿದ್ದಾಳೆ ಎಂದು. ಗುರುವಾರ ಹತ್ತೂವರೆಗೆ ಇವರ ರೈಲು ಸೇತುವೆ ದಾಟುತ್ತದೆ. ಬಂದು ನಿನ್ನ ಕೈ ಹಿಡಿದು ಅಳುತ್ತಾರೆ, ನಿಜವಾಗಿಯೇ ಅಳುತ್ತಾರೆ. ಕರಗಬೇಡ ಅಮ್ಮಾ. ಇತ್ತ ಮರಳುವ ಮಧ್ಯಾಹ್ನದ ರೈಲು ಹೋಗುವವರೆಗೆ ಆ ಕೈ ಬಿಡಬೇಡ.