ಎರಡನೇ ಲೋಟ

ಜೂನ್ 2, ಸೋಮವಾರ. ಬೆಳಿಗ್ಗೆ 9.40

ಮತ್ತೆ ಬಾಂದು ಕಲ್ಲು ಕೇಸು. ಮೇ ತಿಂಗಳಿಂದ ನಾಲ್ಕನೇದು. ಹಾಗಲವಾಡಿ ಕಡೆಯವನು. 1987ಕ್ಕೆ ಹೋಗಿ ದಾಯಾದಿ ತೋಟದ ಕಲ್ಲು ಕಿತ್ತು ಎರಡು ಮಾರು ಆಚೆ ನೆಟ್ಟು ಬಂದವ್ನೆ. ಹೋದವನು ಕೆಲಸ ಮುಗಿಸಿ ತೆಪ್ಪಗೆ ಬರಬಾರದಾ? ಅವರಜ್ಜಿ ಮುದ್ದೆ ಇಕ್ಕಿದ್ಲಂತೆ. ಕೂತು ಉಂಡವ್ನೆ. ವಾಪಸ್ ಬರುವಾಗ ಕಾಲದ ಗೇಟಲ್ಲಿ ಹಿಡಿದಾಗ ಮೀಸೆಗೆ ಇನ್ನೂ ಸೊಪ್ಪಿನ ಸಾರು.

ಠಾಣೆ ಗೋಡೆ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಬರೆಸಿದೀವಿ. ಹಿಂದಕ್ಕೆ ಹೋದಾಗ ಕೂರಬೇಡ. ತಿನ್ನಬೇಡ, ಕುಡೀಬೇಡ. ಕೊಟ್ಟಿದ್ದು ತಗೋಬೇಡ. ಮೂರೇ ರೂಲು. ಪೊಲೀಸಿಗೂ ಇದೇ. ಆದ್ರೆ ನಮ್ಮ ಜನಕ್ಕೆ ಕೊಲೆ ಮಾಡ್ಬೇಡಿ ಅಂದ್ರೆ ಮಾಡದೆ ಇರ್ತಾರೆ, ಊಟ ಬೇಡ ಅನ್ನೋಕೆ ಮಾತ್ರ ಬಾಯಿ ಬರಲ್ಲ. ದರಿದ್ರಗಳು.

ಬೈದಿದ್ದು ಜಾಸ್ತಿ ಆಯ್ತಂತೆ. ಇನ್ಸ್‌ಪೆಕ್ಟರ್ ಲಕ್ಷ್ಮೀಕಾಂತ್ ಕರೆದು, “ವನಜಾಕ್ಷಿಯವ್ರೇ, ಸ್ವಲ್ಪ ನಯವಾಗಿ ಮಾತಾಡಿ” ಅಂದ್ರು. ನಯ ಬೇಕಿದ್ರೆ ಸೀರೆ ಅಂಗಡಿಗೆ ಹೋಗ್ಲಿ. ಇದು ತುಮಕೂರು ಕಾಲ ಠಾಣೆ. ನಾನು ಇಲ್ಲಿ ಹೆಡ್ ಕಾನ್‌ಸ್ಟೇಬಲ್.

ಈ ಡೈರಿ ಮನೇಲಿ ಇಡಲ್ಲ. ಇಲ್ಲೇ ಲಾಕರ್‌ನಲ್ಲಿ. ಯಾವನಾದ್ರೂ ಹಿಂದೆ ಹೋಗಿ ಏನಾದ್ರೂ ತಿದ್ದಿದ್ರೆ ಊರೆಲ್ಲ ಬದಲಾಗುತ್ತೆ, ಠಾಣೆ ಒಳಗಿರೋ ಕಾಗದ ಬದಲಾಗಲ್ಲ. ಒಳಗಿರೋ ನಮ್ಮ ನೆನಪೂ ಅಷ್ಟೇ. ಹೋದ ವರ್ಷ ಗುಬ್ಬಿಯವನೊಬ್ಬ ಅಪ್ಪನ ಎರಡನೇ ಮದುವೆ ತಪ್ಪಿಸಿ ಬಂದ. ಆ ಹೆಂಗಸಿಗೆ ಮೂರು ಮಕ್ಕಳಿದ್ರು. ಬೆಳಿಗ್ಗೆ ಇದ್ರು, ಮಧ್ಯಾಹ್ನ ಇಲ್ಲ. ಹಾಜರಿ ಪುಸ್ತಕದಲ್ಲಿ ಇಲ್ಲ, ರೇಷನ್ ಕಾರ್ಡಲ್ಲಿ ಇಲ್ಲ. ಹೆತ್ತವಳಿಗೇ ಹೆತ್ತಿದ್ದು ಗೊತ್ತಿಲ್ಲ. ನಮ್ಮ ಫೈಲಲ್ಲಿ ಮಾತ್ರ ಮೂರು ಹೆಸರು. ಅವತ್ತಿಂದ ಬರೀತಿದೀನಿ. ಚೈತು ಹೆಸರು ದಿನಾ ಬರೀತೀನಿ. ಚೈತನ್ಯ. ಹದಿನೇಳು. ಸೆಕೆಂಡ್ ಪಿಯುಸಿ. ನನ್ನ ಮಗಳು.

ಜೂನ್ 5, ಗುರುವಾರ

ಬೆಳಿಗ್ಗೆನೇ ಚೈತು ಜೊತೆ ಜಗಳ. ನನ್ನ ಬಾಚಣಿಗೆ ತಗೊಂಡು ಕೂದಲು ತೆಗೀದೆ ಇಡ್ತಾಳೆ. ಕತ್ತೆ ವಯಸ್ಸಾಯ್ತು ಅಂದೆ. ಬಾಚಣಿಗೆ ಹುಡುಕೋಕೆ ಬೀರು ತೆಗೆದವಳು ನಮ್ಮ ಲಗ್ನಪತ್ರಿಕೆ ಹಿಡ್ಕೊಂಡು ಬಂದ್ಲು.

“ಅಮ್ಮಾ, ಇದೇನು, ಪ್ರಿಂಟಲ್ಲಿ ಸುಧಾ ಅಂತಿದೆ? ಹೊಡೆದುಹಾಕಿ ಪೆನ್ನಲ್ಲಿ ನಿನ್ನ ಹೆಸರು ಬರೆದವ್ರೆ?”

ಕಿತ್ಕೊಂಡು ಒಳಗಿಟ್ಟೆ. ಆಮೇಲೆ ಹೇಳ್ತೀನಿ ಅಂದೆ. ಏನ್ ಹೇಳ್ಲಿ?

ಸುಧಾ ನಮ್ಮಕ್ಕ. ಮೇ ಆರಕ್ಕೆ ಮದುವೆ ಇತ್ತು, 2001ರಲ್ಲಿ. ಗಂಡು ಮೋಹನ್‌ಕುಮಾರ್. ಏಪ್ರಿಲ್ ಹದಿನೆಂಟಕ್ಕೆ ಅಮೃತೂರಿಂದ ಕುಣಿಗಲ್‌ಗೆ ಹೊರಟಿದ್ಲು, ಫ್ರೆಂಡ್ಸ್‌ಗೆ ಕಾರ್ಡ್ ಕೊಡೋಕೆ. ಎಂಟು ಗಂಟೆ ಬಸ್ಸಿಗೆ ರೆಡಿಯಾಗಿದ್ಲು. ಅಷ್ಟರಲ್ಲಿ ಯಾವಳೋ ಗುರುತಿಲ್ಲದ ಹೆಂಗಸು ಮನೆಗೆ ಬಂದ್ಲು. ಮನೆಗೆ ಬಂದ ಮುತ್ತೈದೆಗೆ ಕುಂಕುಮ ಕೊಡದೆ ಕಳಿಸ್ತಾರಾ? ಕಾಫಿ ಕೊಡದೆ ಕಳಿಸ್ತಾರಾ? ಅವಳು ಒಂದು ಲೋಟ ಕುಡಿದು ಎದ್ದು ಹೋಗಬಾರದಾ? ಎರಡನೇ ಲೋಟ ಕೇಳಿದ್ಲು. ಅಕ್ಕ ಮತ್ತೆ ಒಲೆ ಮುಂದೆ ಹೋದ್ಲು. ಬಸ್ ತಪ್ಪಿತು. ಒಂಬತ್ತೂಕಾಲಿನ ಬಸ್ ಹತ್ತಿದ್ಲು, ಅದು ಕೆರೆ ಏರಿ ಮೇಲಿಂದ ಉರುಳ್ತು.

ಅಮ್ಮ ಸಾಯೋವರೆಗೂ ಒಂದೇ ಶಾಪ. “ಎರಡನೇ ಲೋಟ ಕೇಳಿದ್ಲಲ್ಲ, ಅವಳ ಮನೆ ಹಾಳಾಗ.” ಅಮ್ಮನ ಜೊತೆ ನಾನೂ ಬೈದಿದೀನಿ. ಈಗ್ಲೂ ಬೈತೀನಿ. ಹಾಳು ಮುಂಡೆ.

ಛತ್ರಕ್ಕೆ ಅಡ್ವಾನ್ಸ್ ಹೋಗಿತ್ತು, ಕಾರ್ಡ್ ಆಗಿತ್ತು, ಗಂಡಿನ ಕಡೆಯವ್ರು ಒಳ್ಳೆಯವ್ರು. ತಿಥಿ ಮುಗಿದ ಮೇಲೆ ಅಪ್ಪ, ಬೀರಯ್ಯ, ನನ್ನ ಮುಖ ನೋಡದೆ ಹೇಳಿದ್ರು: “ಆಷಾಢಕ್ಮುಂಚೆ ಮುಗಿಸ್ಬುಡಾನ, ವನಜಾನೇ ಕೂರ್ಲಿ.” ನಂಗೆ ಹದಿನೆಂಟು. ತುಮಕೂರಲ್ಲಿ ಚಿಕ್ಕಮ್ಮನ ಮನೇಲಿದ್ದು ಪಿಯುಸಿ ಪರೀಕ್ಷೆ ಮುಗಿಸಿದ್ದೆ ಅಷ್ಟೇ. ಬಿ.ಎಸ್‌ಸಿ. ಮಾಡ್ತೀನಿ ಅಂದೆ. ಯಾರು ಕೇಳಿದ್ರು. ಉಳಿದ ಕಾರ್ಡುಗಳ ಮೇಲೆಲ್ಲ ಅಕ್ಕನ ಹೆಸರು, ತಾರೀಕು ಹೊಡೆದು ನನ್ನ ಹೆಸರು, ಹೊಸ ತಾರೀಕು ಬರೆದವನು ನಮ್ಮಣ್ಣ ದಯಾನಂದ. ಸ್ಕೇಲ್ ಇಟ್ಟು ನೀಟಾಗಿ ಗೀಟು ಎಳೆದಿದ್ದ. ಇಪ್ಪತ್ತನಾಲ್ಕು ವರ್ಷ ಆಯ್ತು ಅವನ ಜೊತೆ ಮಾತಾಡಿ.

ಜೂನ್ 9, ಸೋಮವಾರ. ಮಧ್ಯಾಹ್ನ

ಗುಬ್ಬಿ ಹತ್ರ ಕೊಬ್ಬರಿ ಶೆಡ್ಡಲ್ಲಿ ಶಿವರಾಜ್ ಅನ್ನೋನು ಕಳ್ಳ ಗೇಟ್ ಇಟ್ಟವ್ನೆ. ಮಾಹಿತಿ ಪಕ್ಕಾ. ಯಾರ್‍ಯಾರು, ಯಾವತ್ತಿಗೆ ಅನ್ನೋ ಪಟ್ಟಿನೂ ಸಿಕ್ತು. ಕಾನ್‌ಸ್ಟೇಬಲ್ ಚಂದ್ರು ಜೋರಾಗಿ ಓದ್ತಿದ್ದ. ಆರನೇ ಹೆಸರಿಗೆ ನಿಲ್ಲಿಸಿ ನನ್ನ ಮುಖ ನೋಡಿದ.

ಬಿ. ದಯಾನಂದ, ಅಮೃತೂರು. ಹೋಗೋ ದಿನ: 18-4-2001.

ಲಕ್ಷ್ಮೀಕಾಂತ್ ಸಾಹೇಬ್ರು, ಬೇರೆಯವ್ರನ್ನ ಕಳಿಸ್ತೀನಿ ಅಂದ್ರು. ಬೇಡ ಸಾರ್, ನಾನೇ ಹೋಗ್ತೀನಿ ಅಂದೆ. ಇವನು ಅಕ್ಕನ್ನ ಉಳಿಸ್ತಾನಂತೆ. ಅಕ್ಕ ಉಳಿದ್ರೆ ಹಸೆ ಮೇಲೆ ಅಕ್ಕಾನೇ ಕೂರ್ತಾಳೆ. ನಾನು ಮೋಹನ್‌ಕುಮಾರ್ ಹೆಂಡತಿ ಅಲ್ಲ... ಅದು ಹೋಗ್ಲಿ, ಅದಕ್ಕೇನು ನಾನು ಅಳಲ್ಲ. ಚೈತು? ಆಗ ಸ್ಕೇಲ್ ಇಟ್ಟು ನನ್ನ ಮೇಲೆ ಗೀಟೆಳೆದ. ಈಗ ನನ್ನ ಮಗಳ ಮೇಲೆ ಎಳೆಯೋಕೆ ಹೊರಟವ್ನೆ. ಕೈ ಮುರೀತೀನಿ.

ಜೂನ್ 11, ಬುಧವಾರ. ಮಧ್ಯಾಹ್ನ 12.30

ಎಲ್ಲ ಬರೆದಿಡಬೇಕು.

ಬೆಳಿಗ್ಗೆ ಆರಕ್ಕೆ ಶೆಡ್ ಬಾಗಿಲು ಒದ್ವಿ. ಶಿವರಾಜ್ ಕಡೆಯವನೊಬ್ಬ ಕಾಯಿ ಸುಲಿಯೋ ಸಲಾಕೆ ಬೀಸಿದ, ಚಂದ್ರು ಭುಜ ಹರೀತು. ನಾನು ಅವನ ಮೊಣಕಾಲಿಗೆ ಲಾಠಿ ಕೊಟ್ಟೆ. ಅಷ್ಟರಲ್ಲಿ ದಯಾನಂದ ಗೇಟ್ ದಾಟಿಬಿಟ್ಟಿದ್ದ. ಬಿಳಿ ಕೂದಲು, ಬಗ್ಗಿದ ಬೆನ್ನು... ಆದ್ರೂ ಗುರುತು ಸಿಕ್ತು. ಅವನ ಹಿಂದೆನೇ ನಾನೂ ಚಂದ್ರುನೂ ನುಗ್ಗಿದ್ವಿ.

ಗೇಟಿನ ಆಚೆ ಅಮೃತೂರು, ನಮ್ಮ ಹಳೇ ಮನೆ ತೋಟ. 2001ರ ಏಪ್ರಿಲ್ ಬಿಸಿಲು. ಅಪ್ಪನ ಕೆಮ್ಮು ಎಲ್ಲೋ ದೂರದಲ್ಲಿ. ದಯಾನಂದ ಮನೆ ಕಡೆ ಓಡ್ತಿದ್ದ, ಮಟ್ಟೆ ಎಡವಿ ಬಿದ್ದ. ಬೆನ್ನ ಮೇಲೆ ಮಂಡಿ ಇಟ್ಟು ಬೇಡಿ ಹಾಕಿದೆ.

“ಬುಡೇ ವನಜ! ಅಕ್ಕನ್ನ ಮುಟ್ಟಲ್ಲ ಕಣೇ. ಆ ಹೆಂಗಸು ಬತ್ತಾಳಲ್ಲ, ಅವಳನ್ನ ಬಾಗಿಲಲ್ಲೇ ತಡೀತೀನಿ. ಅಷ್ಟೇಯ. ಅವತ್ತು ಬೈಕಲ್ಲಿ ಬಿಟ್ಬಾರೋ ಅಂದ್ಲು ಅಕ್ಕ. ಕೆಲ್ಸ ಅದೆ ಅಂದೆ. ಏನ್ ಕೆಲ್ಸ ಇತ್ತು ನಂಗೆ? ಏನೂ ಇರ್ಲಿಲ್ಲ!”

ಮಣ್ಣು ಮೆತ್ತಿದ ಬಾಯಲ್ಲಿ ಅಳ್ತಿದ್ದ. ಬಾಯಿ ಮುಚ್ಚು ಅಂದೆ. ಗೇಟು ಒಂದ್ಸಲಕ್ಕೆ ಇಬ್ಬರನ್ನೇ ವಾಪಸ್ ಬಿಡೋದು. ಚಂದ್ರು ಜೊತೆ ಅವನ್ನ ಕಳಿಸಿದೆ. ನಾನು ಅರ್ಧ ಗಂಟೆ ಕಾಯಬೇಕು.

ಅರ್ಧ ಗಂಟೆ. ಮನೆ ಐವತ್ತು ಹೆಜ್ಜೆ. ಮುಂಬಾಗಿಲು ತೆಗೆದಿತ್ತು.

ಆಗ ಒಂದು ಯೋಚನೆ ಬಂತು. ತಡೆಯೋದು ಬೇಡ. ತಡೆದ್ರೆ ಚೈತು ಇಲ್ಲ. ಬರೀ ಮುಖ ನೋಡ್ತೀನಿ. ಇಷ್ಟು ವರ್ಷ ಬೈದಿದೀನಲ್ಲ, ಆ ಹಾಳು ಮುಂಡೆ ಮುಖ ಹೇಗಿದೆ ಅಂತ ನೋಡೇ ಹೋಗ್ತೀನಿ. ಮಫ್ತಿಲಿದ್ದೆ, ಸೀರೆ ಉಟ್ಟಿದ್ದೆ. ಬಾಗಿಲಿಗೆ ಹೋಗಿ, ನೀರು ಬೇಕಿತ್ತು ಅಂದೆ.

ಅಮ್ಮ ಹೊರಗೆ ಬಂತು. ಹಲ್ಲೆಲ್ಲ ಇತ್ತು ಅಮ್ಮಂಗೆ. ಕೈ ತುಂಬ ಹುಣಸೆಹಣ್ಣು.

“ಬಾರವ್ವ, ಒಳಿಕ್ ಬಾ. ಬಿಸ್ಲಲ್ಲಿ ನಿಂತ್ಕಬ್ಯಾಡ. ಯಾವೂರು?”

“ತುಮಕೂರು.”

“ನನ್ ಚಿಕ್ ಮಗ್ಳು ಅಲ್ಲೇ ಪರೀಕ್ಷೆ ಬರೀತಾವ್ಳೆ. ಕೂತ್ಕೊ. ಎಲ್ಲೋ ನೋಡ್ದಂಗದೆ ನಿನ್ನ.”

ಕೂತೆ. ಬಾಗಿಲು ಕಾಣೋ ಹಾಗೆ ಕೂತೆ.

ಅಕ್ಕ ಒಳಗಿಂದ ಬಂದ್ಲು. ಬಾಯಲ್ಲಿ ಪಿನ್ನು, ಕಂಕುಳಲ್ಲಿ ಕಾರ್ಡ್ ಚೀಲ. ಇಪ್ಪತ್ತೆರಡು ವರ್ಷದ ಹುಡುಗಿ. ಚೈತುಗಿಂತ ಐದೇ ವರ್ಷ ದೊಡ್ಡೋಳು. ನನ್ನ ನೋಡಿ ನಕ್ಕು ಕಾಫಿ ತಂದುಕೊಟ್ಲು. ಬೆಲ್ಲದ ಕಾಫಿ, ನಮ್ಮನೆ ಲೋಟ. ರೂಲು ನೆನಪಿತ್ತು. ಕುಡಿದೆ.

ಬಾಗಿಲಲ್ಲಿ ಯಾರೂ ಇಲ್ಲ. ಇನ್ನೂ ಬಂದಿಲ್ಲ ಅವಳು. ಏಳೂವರೆ ಆಯ್ತು. ಏಳು ನಲವತ್ತು. ಲೋಟ ಖಾಲಿ. ಎದ್ರೆ ಹೊರಡಬೇಕಾಗುತ್ತೆ, ಹೊರಟ್ರೆ ಅವಳ ಮುಖ ನೋಡೋಕೆ ಆಗಲ್ಲ. ಕೂತಿರೋಕೆ ಏನಾದ್ರೂ ನೆಪ ಬೇಕಲ್ಲ.

“ತುಂಬ ಚೆನ್ನಾಗಿದೆ... ಇನ್ನೊಂದು ಚೂರು ಸಿಗುತ್ತಾ?” ಅಂದೆ.

“ಅಯ್ಯೋ ಅದಕ್ಕೇನು,” ಅಂದ್ಲು ಅಕ್ಕ. ಚೀಲ ಕೆಳಗಿಟ್ಲು. ಒಳಗೆ ಹೋದ್ಲು. ಸೌದೆ ಊದೋ ಸದ್ದು ಕೇಳ್ತು. ನಾನು ಬಾಗಿಲನ್ನೇ ನೋಡ್ತಿದ್ದೆ, ಹಲ್ಲು ಕಚ್ಕೊಂಡು. ಬರ್ಲಿ, ಬರ್ಲಿ ಅಂತ.

ರಸ್ತೇಲಿ ಹಾರ್ನ್. ಅಕ್ಕ ಲೋಟ ಹಿಡ್ಕೊಂಡೇ ಬಾಗಿಲಿಗೆ ಓಡಿದ್ಲು. ಬಸ್ ಹೋಗಿತ್ತು. ತಿರುಗಿ ನೋಡಿ ನಕ್ಲು.

“ಪರ್ವಾಗಿಲ್ಲ ಬುಡಿ ಅಕ್ಕ. ಒಂಬತ್ತೂಕಾಲ್ಗೆ ಇನ್ನೊಂದದೆ. ನೀವು ಕುಡೀರಿ.”

ನಮ್ಮಕ್ಕ ನನ್ನ ಅಕ್ಕ ಅಂದ್ಲು. ಎರಡನೇ ಲೋಟ ನನ್ನ ಕೈಗೆ ಕೊಟ್ಲು.

ಬೇರೆ ಯಾರೂ ಬರಲಿಲ್ಲ. ಬರೋರು ಯಾರೂ ಇರಲೇ ಇಲ್ಲ.

ಆ ಬಸ್ ಹತ್ತಬೇಡ. ಅಷ್ಟೇ ಹೇಳಬೇಕಿತ್ತು. ಇನ್ನೂ ಟೈಮಿತ್ತು. ಬಾಯಿವರೆಗೂ ಬಂತು. ಬಾಚಣಿಗೆ ಕಣ್ಮುಂದೆ ಬಂತು, ಅದರಲ್ಲಿ ಸಿಕ್ಕೊಂಡಿದ್ದ ಚೈತು ಕೂದಲು. ನುಂಗಿದೆ. ಕಾಫಿ ಜೊತೆ ನುಂಗಿದೆ. ಎದ್ದಾಗ ಅಮ್ಮ ಕುಂಕುಮದ ಬಟ್ಟಲು ತಂತು. “ಮುತ್ತೈದೆ ಹಂಗೇ ಹೋಗ್ಬಾರ್ದು ಕಣವ್ವ” ಅಂತ ಹಣೆಗಿಟ್ಟಿತು. ಅಮ್ಮನ ಬೆರಳು. ಹತ್ತು ವರ್ಷ ಆಗಿತ್ತು ಆ ಬೆರಳು ಚಿತೇಲಿ ಸುಟ್ಟು.

ಅವಳ ಮನೆ ಹಾಳಾಗ ಅಂತ ಅಷ್ಟು ವರ್ಷ ಶಾಪ ಹಾಕಿದ್ದು ನಂಗೇ. ನನ್ನ ಮನೆಗೇ.

ಜೂನ್ 12, ಗುರುವಾರ. ಬೆಳಿಗ್ಗೆ

ಲಾಕಪ್ಪಲ್ಲಿ ದಯಾನಂದ ಕೇಳಿದ. “ನೋಡ್ದಾ? ಬಂದ್ಲಾ ಅವಳು?”

ನನ್ನ ಹಣೆ ನೋಡಿದ. ಒರೆಸಿದ್ರೂ ಕೆಂಪು ಹೋಗಿರಲಿಲ್ಲ. ಹೇಳಿಬಿಟ್ಟೆ. ಬೈತಾನೆ ಅಂದ್ಕೊಂಡೆ. ಬೈಲಿಲ್ಲ. ಸರಳು ಹಿಡ್ಕೊಂಡು ಮೆಲ್ಲಗೆ ಹೇಳಿದ.

“ಹಂಗಾದ್ರೆ ಸುಲಭ ಆಯ್ತಲ್ಲೇ. ಗೇಟು ನಿನ್ ಕೈಲೇ ಅದೆ. ವಾಪಸ್ ಹೋಗು. ನಿನ್ನನ್ನ ನೀನೇ ತೋಟದಲ್ಲಿ ತಡಿ. ಮನೆ ಬಾಗ್ಲಿಗೆ ಹೋಗ್ಬ್ಯಾಡ ಅನ್ನು. ಇಲ್ಲಾಂದ್ರೆ ಎರಡನೇ ಲೋಟಕ್ಕೆ ಸಾಕು ಅನ್ನು. ಒಂದು ಮಾತು ಕಣೇ.”

“ಚೈತು?”

“ಹುಟ್ಟೇ ಇರಲ್ಲ ಅಂದ್ಮೇಲೆ ಅವಳಿಗೇನ್ ನೋವು?”

ನೀರಿನ ಚೊಂಬು ಮುಖಕ್ಕೆ ಎಸೆದೆ. ಹುಬ್ಬು ಒಡೀತು. ಒರೆಸ್ಕೊಳ್ಳಲಿಲ್ಲ ಅವನು. ನೋಡ್ತಾನೇ ಇದ್ದ.

ಜೂನ್ 13, ಶುಕ್ರವಾರ. ಮಧ್ಯಾಹ್ನ 3

ಊಟಕ್ಕೆ ಎಲ್ಲ ಹೋಗಿದ್ರು. ಠಾಣೆ ಗೇಟ್ ಮುಂದೆ ಒಬ್ಬಳೇ ನಿಂತೆ. ರಿಜಿಸ್ಟರ್‌ನಲ್ಲಿ ಹೆಸರು ಬರೆದೆ, ದಿನಾಂಕ ಬರೆದೆ. 18-4-2001. ಕಾರಣ ಅನ್ನೋ ಕಡೆ ಪೆನ್ನು ನಿಂತುಬಿಡ್ತು. ಹತ್ತು ನಿಮಿಷ ನಿಂತಿದ್ದೆ. ಅಕ್ಕನ ಬಾಯಲ್ಲಿದ್ದ ಪಿನ್ನು ಕಣ್ಣಿಂದ ಹೋಗ್ತಿಲ್ಲ. ಇವತ್ತು ಹೋಗಲ್ಲ. ನಾಳೆ? ನಾಡಿದ್ದು? ಗೇಟ್ ಪಾಸ್ ಜೇಬಲ್ಲಿರೋವರೆಗೂ ಒಂದಲ್ಲ ಒಂದಿನ ಹೋಗೇ ಹೋಗ್ತೀನಿ. ನನ್ನ ನಂಬೋ ಹಾಗಿಲ್ಲ.

ಬರೆದಿದ್ದನ್ನ ಹೊಡೆದುಹಾಕಿದೆ. ಸಾಹೇಬ್ರ ರೂಮಿಗೆ ಹೋದೆ. ಕೂತೆ ಸಾರ್, ಕುಡಿದೆ ಸಾರ್, ಕುಂಕುಮ ತಗೊಂಡೆ ಸಾರ್, ಬಸ್ ತಪ್ಪಿಸಿದವಳು ನಾನೇ ಸಾರ್. ಪಾಸ್ ಕಿತ್ಕೊಳ್ಳಿ ಅಂದೆ. ಪಾಸ್ ಇಸ್ಕೊಂಡ್ರು. ಸಸ್ಪೆನ್ಷನ್. ಅದು ಮುಗಿದ್ರೂ ಜೀವಮಾನದಲ್ಲಿ ಕಾಲ ಠಾಣೆ ಒಳಗೆ ಕಾಲಿಡೋ ಹಾಗಿಲ್ಲ. ಲಾಕರ್ ಖಾಲಿ ಮಾಡಿ ಅಂದ್ರು.

ಹೊರಗೆ ಬರುವಾಗ ಲಾಕಪ್ಪಿಂದ ದಯಾನಂದ ಕಿರುಚಿದ.

“ಎರಡು ಸಲ ಸಾಯಿಸ್ದೆ ಕಣೇ ಅವಳನ್ನ! ಒಂದ್ಸಲ ಗೊತ್ತಿಲ್ದೆ. ಇನ್ನೊಂದ್ಸಲ ಗೊತ್ತಿದ್ದು!”

ಹೌದು. ಸಾಯಿಸಿದೆ. ಏನೀಗ?

ಜೂನ್ 22, ಭಾನುವಾರ. ಬೆಳಿಗ್ಗೆ 8

ಡೈರಿ ಈಗ ಮನೇಲಿ. ಯಾರಾದ್ರೂ ಏನಾದ್ರೂ ತಿದ್ದಿದ್ರೆ ಇದೂ ಉಳಿಯಲ್ಲ, ನನ್ನ ನೆನಪೂ ಉಳಿಯಲ್ಲ.

ಈಗ ತಾನೇ ಚಂದ್ರು ಫೋನ್ ಮಾಡಿದ್ದ. “ನಿಮ್ಮಣ್ಣಂಗೆ ಬೇಲ್ ಆಯ್ತು ಕಣಕ್ಕ. ನಿನ್ನೆಯಿಂದ ಊರಲ್ಲಿಲ್ಲ. ಗುಬ್ಬಿ ಕಡೆ ಹೋದ ಅಂತಾರೆ. ಶಿವರಾಜ್ ಕಡೆಯವ್ರು ಇನ್ನೊಂದು ಗೇಟ್ ಎಬ್ಬಿಸಿದಾರಂತೆ, ಎಲ್ಲಿ ಅಂತ ಗೊತ್ತಿಲ್ಲ. ಹುಡುಕ್ತಾ ಇದೀವಿ.”

ಹುಡುಕ್ತಾ ಇದಾರಂತೆ. ನಾನು ಮನೇಲಿ ಕೂತಿದೀನಿ.

ಚೈತು ಇವತ್ತು ತಾನೇ ಕಾಫಿ ಮಾಡಿದ್ಲು. ನಾನು ಸಪ್ಪಗಿದೀನಿ ಅಂತ ಇರಬೇಕು. ಬೆಲ್ಲ ಹಾಕಿದ್ಲು, ಯಾರೂ ಹೇಳಿಕೊಟ್ಟಿರಲಿಲ್ಲ. ಕುಡಿಯೋವರೆಗೂ ಎದುರಿಗೇ ನಿಂತಿದ್ಲು. “ಇನ್ನೊಂದು ಲೋಟ ಕೊಡ್ಲಾಮ್ಮ?” ಅಂದ್ಲು.

ಸಾಕು ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಲೋಟ ತಗೊಂಡು ಒಳಗೆ ಹೋದ್ಲು. ತೊಳೀತಿದಾಳೆ. ನಲ್ಲಿ ಸದ್ದು ಕೇಳ್ತಿದೆ. ಬಾಚಣಿಗೆ ಇಲ್ಲೇ ಟೇಬಲ್ ಮೇಲೆ, ಮತ್ತೆ ಕೂದಲು ತೆಗೆದಿಲ್ಲ ಕತ್ತೆ. ಬೈಯಲ್ಲ. ಆ ನಲ್ಲಿ ಸದ್ದು ಕೇಳ್ತಿರೋ ತನಕ ಬರೀತಾನೇ ಇರ್ತೀನಿ. ಚೈತನ್ಯ. ಹದಿನೇಳು. ಸೆಕೆಂಡ್ ಪಿಯುಸಿ. ನನ್ನ