ಒಬ್ಬರೇ ನಡೆಸಬಹುದಾದ ದೋಣಿ

ಹಾಯಿ ಹೊಲಿಯುವ ಕೋಣೆಯಿಂದ,
ಮಾರ್ಚ್ ೯, ಭಾನುವಾರ

ಕ್ಯಾಪ್ಟನ್ ಸಾಹೇಬರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಶುರುಮಾಡಲು ಹೋದೆ, ಪೆನ್ನು ಮುಂದಕ್ಕೆ ಸಾಗಲಿಲ್ಲ. ನಿನ್ನೆ ನಿಮ್ಮ ಹೊಸ ಹಾಯಿದೋಣಿ ನೋಡಿ ಬಂದ ಮೇಲೆ ಎರಡು ಸಲ ತಲೆಗೆ ಸ್ನಾನ ಮಾಡಿದ್ದೇನೆ. ಆ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಮೂಗು ಬಿಟ್ಟು ಹೋಗಿಲ್ಲ.

“ನಮ್ಮ ಹಳೇ ದೋಣಿ, ಆ ಮುದುಕಿಗೂ ಇದಕ್ಕೂ ಏನ್ ವ್ಯತ್ಯಾಸ, ನೀನೇ ನೋಡಿ ಹೇಳು. ಹೇಳ್ಬಿಟ್ಟು ತಿಂಗಳ ಕೊನೇಲಿ ಬಂದ್ಬಿಡು, ಇಬ್ರೂ ಹೊರಡೋಣ” ಎಂದಿರಿ. ಬಾಯಿಗೆ ಬಂದದ್ದನ್ನು ಜೆಟ್ಟಿಯ ಮೇಲೆಯೇ ಹೇಳಿದ್ದರೆ ಅಕ್ಕಪಕ್ಕದ ದೋಣಿಯವರಿಗೆಲ್ಲ ಪುಕ್ಕಟೆ ಮನರಂಜನೆಯಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನ್ಯಾಯದ ಮಾತು. ಹೊಸದು ಸೋರುವುದಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು. ಎಂಜಿನ್ ಕೇಳಿದ ಕೂಡಲೇ ಶುರುವಾಗುತ್ತದೆ. ನಮ್ಮ ಮುದುಕಿಯದನ್ನು ಕೈಕಾಲು ಹಿಡಿದು ಬೇಡಬೇಕಿತ್ತು. ಅವಳಲ್ಲಿ ಇದ್ದಷ್ಟು ವರ್ಷವೂ ನನ್ನ ಹಾಸಿಗೆಯ ಮೇಲೇ ನೀರು ತೊಟ್ಟಿಕ್ಕಿತು, ನಿಮ್ಮದರ ಮೇಲೆ ಒಂದು ಹನಿಯೂ ಬೀಳಲಿಲ್ಲ. ಇಷ್ಟನ್ನು ಒಪ್ಪಿಕೊಂಡೆ. ಇನ್ನು ಹೇಸಿಗೆಯ ಮಾತು.

ಅದೇನ್ರೀ ಅದು, ದೋಣಿಯೋ ಹೋಟೆಲಿನ ಲಾಬಿಯೋ? ಬಿಳಿ ಸೋಫಾ. ಮೆಟ್ಟಿಲ ಕೆಳಗೆ ಬಣ್ಣ ಬದಲಾಯಿಸುವ ದೀಪ. ಇರುವ ಒಬ್ಬರಿಗೆ ಮೂರು ಕಕ್ಕಸು. ಮರದಂತೆ ಕಾಣುವ ನೆಲವನ್ನು ಉಗುರಿನಿಂದ ಕೆರೆದೆ, ಅಂಚು ಎದ್ದು ಬಂತು. ಮೇಜಿನ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ, ಅಲೆಗೆ ಬೀಳದಿರಲೆಂದು ಗೋಂದು ಹಾಕಿ ಅಂಟಿಸಿದ್ದಾರೆ. ಹೂವಿಗಿರುವ ವ್ಯವಸ್ಥೆ ಮನುಷ್ಯರಿಗಿಲ್ಲ. ಅಷ್ಟಗಲದ ಕೋಣೆಯಲ್ಲಿ ಹಿಡಿದುಕೊಳ್ಳಲು ಒಂದು ಹಿಡಿಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಬಂದರು ದಾಟಿ ದೋಣಿ ವಾಲಿದ್ದೇ ತಡ, ಈ ಗೋಡೆಯಿಂದ ಆ ಗೋಡೆಗೆ ಜಾರಿ ಮೇಜಿಗೆ ಸೊಂಟ ಬಡಿದುಕೊಂಡೆ. ನೀವು ಮೇಲಿಂದ ಬಗ್ಗಿ, “ಅಲ್ಯಾಕೆ ನಿಂತ್ಕೊಂಡೆ? ರಾಣಿ ಥರ ಕೂತ್ಕೋ ಅಂದಿದ್ನಲ್ಲ” ಎಂದಿರಿ. ಸೊಂಟ ಈಗ ಬದನೆಕಾಯಿ ಬಣ್ಣಕ್ಕೆ ತಿರುಗಿದೆ.

ಮುದುಕಿಯ ಅಡುಗೆಮೂಲೆ ಎಷ್ಟು ಇಕ್ಕಟ್ಟೆಂದರೆ ಇಬ್ಬರು ನಿಂತರೆ ಒಬ್ಬರು ಉಸಿರು ಹಿಡಿಯಬೇಕು. ಆ ಇಕ್ಕಟ್ಟಿನಲ್ಲೇ ಸೊಂಟ ಸಿಕ್ಕಿಸಿ ನಿಂತು, ಎಂಥ ಅಲೆಯಲ್ಲೂ ಒಂದು ತೊಟ್ಟು ಚೆಲ್ಲದೆ ನಿಮಗೆ ಚಹಾ ಕೊಟ್ಟಿದ್ದೇನೆ. ಅವಳ ಹೊಟ್ಟೆ ಆಳ, ಮೈ ಭಾರ. ನಿಧಾನಕ್ಕೆ ಅಲೆ ಸೀಳಿಕೊಂಡು ಹೋಗುವವಳು. ನಿಮ್ಮ ಈ ಬೆಡಗಿಯ ತಳ ಚಪ್ಪಟೆ. ಬೇಗ ಓಡುತ್ತಾಳೆ, ನಿಜ, ಆದರೆ ಪ್ರತಿ ಅಲೆಗೂ ಯಾರೋ ಸಿಟ್ಟಿನಲ್ಲಿ ಬಾಗಿಲು ಬಡಿದ ಸದ್ದು.

ಇನ್ನು ಆ ಹಾಯಿ. ಹಾಯಿ ಹೊಲಿದು ಹೊಟ್ಟೆ ಹೊರೆಯುವವಳಿಗೆ ಅದನ್ನು ತೋರಿಸಲು ನಿಮಗೆ ನಾಚಿಕೆಯಾಗಬೇಕಿತ್ತು. ಕಂಬದ ಒಳಗೇ ಸುರುಳಿ ಸುತ್ತಿಕೊಂಡಿರುತ್ತದಂತೆ. ಗುಂಡಿ ಒತ್ತಿದರೆ ಗುಂಯ್ ಎಂದು ಹೊರಗೆ ಬರುತ್ತದೆ, ಮಲಗೆದ್ದವರ ಅಂಗಿಯ ಹಾಗೆ ಮೈಯೆಲ್ಲ ಸುಕ್ಕು. ಮಾರಿದವನು ಹೊಗಳಿದನಂತೆ, ನೀವು ತಲೆದೂಗಿದಿರಂತೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಮನೆಯಲ್ಲಿ ವಾದಿಸುವ ನೀವು ಮಾರುವವನ ಮುಂದೆ ಮಾತ್ರ ಮೊಲವೇ ಆಗಿಬಿಡುತ್ತೀರಿ.

ಆದರೆ ನನಗೆ ವಾಕರಿಕೆ ಬಂದದ್ದು ಸುಕ್ಕಿಗಲ್ಲ, ಸೋಫಾಕ್ಕೂ ಅಲ್ಲ. ಹಗ್ಗಗಳೆಲ್ಲ ಚುಕ್ಕಾಣಿಯ ಪಕ್ಕಕ್ಕೇ ಬಂದು ಸೇರಿರುವುದನ್ನು ತೋರಿಸಿ, “ನೋಡಿದ್ಯಾ, ಒಬ್ನೇ ನಡೆಸಬಹುದು, ಯಾರೂ ಬೇಡ” ಎಂದು ಎದೆಯುಬ್ಬಿಸಿದಿರಲ್ಲ, ಆಗ. ಎರಡು ವರ್ಷದ ಹಿಂದೆ ಮುದುಕಿಯ ಹಾಯಿ ಏರಿಸುವಾಗ ನಾನು ತಡಮಾಡಿದೆನೆಂದು, “ನೀನಿಲ್ದಿದ್ರೂ ದೋಣಿ ಹೋಗುತ್ತೆ” ಎಂದು ರೇಗಿದಿರಿ. ಮುಂದಿನ ಜೆಟ್ಟಿಯಲ್ಲಿ ಚೀಲ ಹಿಡಿದು ಇಳಿದವಳು ನಾನು ಮತ್ತೆ ಹತ್ತಲಿಲ್ಲ. ಸಿಟ್ಟಿನ ಮಾತು, ಇಂದಲ್ಲ ನಾಳೆ ಹಿಂದಕ್ಕೆ ತೆಗೆದುಕೊಳ್ಳುತ್ತೀರಿ ಎಂದುಕೊಂಡಿದ್ದೆ. ನೀವು ಆ ಮಾತನ್ನು ನಿಜ ಮಾಡಲು ಇಡೀ ದೋಣಿಯನ್ನೇ ತಂದಿರಿ. ತಂದು, ಅದರಲ್ಲೇ ಬಂದು ಕೂರು ಎಂದು ನನ್ನನ್ನೇ ಕರೆಯುತ್ತೀರಿ. ಥೂ.

ಇನ್ನೊಂದು ಸಂಗತಿ ಬರೆಯಲೋ ಬೇಡವೋ ಎಂದು ಯೋಚಿಸಿದೆ, ಬರೆಯುತ್ತೇನೆ. ಮುದುಕಿಯಲ್ಲಿ ನಾನು ಕಂಬದ ಬುಡದಲ್ಲಿ ಹಗ್ಗ ಜಗ್ಗುತ್ತಿದ್ದೆ, ನೀವು ಹಿಂದೆ ನಿಂತು ಬಿಗಿ ಮಾಡುತ್ತಿದ್ದಿರಿ. ಗಾಳಿಯಲ್ಲಿ ಉದ್ದದ ಮಾತು ಕೇಳುವುದಿಲ್ಲ. ಹಾಯಿ ತುದಿ ಮುಟ್ಟಿದಾಗ ನೀವು “ಹೂಂ” ಎನ್ನಬೇಕು, ನಾನು ಗಂಟು ಹಾಕಿ “ಹೂಂ” ಎನ್ನಬೇಕು, ಆಮೇಲೆಯೇ ನೀವು ಕೈಬಿಡುವುದು. ನಿನ್ನೆ ಆ ಸುಕ್ಕಿನ ಹಾಯಿ ಪೂರ್ತಿ ಬಿಚ್ಚಿಕೊಂಡಾಗ ನೀವು “ಹೂಂ” ಎಂದಿರಿ. ನಿಮಗೆ ಗೊತ್ತೇ ಆಗಲಿಲ್ಲ. ಗುಂಡಿಯ ಮೇಲಿನ ಬೆರಳು ತೆಗೆಯದೆ ಕಂಬದ ಕಡೆ ನೋಡುತ್ತ ನಿಂತಿರಿ. ನಾನು ನಿಮ್ಮ ಬೆನ್ನ ಹಿಂದೆ ಕೂತಿದ್ದೆ. ನನ್ನ “ಹೂಂ” ಕೂಡ ಬಾಯಿಯವರೆಗೆ ಬಂತು, ನುಂಗಿಕೊಂಡೆ.

ಕಪಾಟಿನ ತುಂಬ ಲೋಟ, ಬಳಸಿದ್ದು ಒಂದೇ. ನನಗೆ ಚಹಾ ಕೊಡಲು ಇನ್ನೊಂದರ ಅಂಗಡಿ ಕಾಗದ ಬಿಚ್ಚಿದಿರಿ. ಯಾರೂ ಬೇಡವೆನ್ನುವವರ ಸುಖ ಇದೇ ಇರಬೇಕು. ಆಮೇಲೆ ಮುದುಕಿಯ ಮಾತೆತ್ತಿ, “ಹೊಸದು ತಗೊಳ್ಳುವಾಗ ಅವಳನ್ನ ಮಾರಿದವನಿಗೇ ಕೊಟ್ಬಿಟ್ಟೆ, ಒಡೆದು ಗುಜರಿಗೆ ಹಾಕೋರಿದ್ರು, ಅಷ್ಟರಲ್ಲಿ ಯಾರೋ ತಲೆಕೆಟ್ಟೋರು ತಗೊಂಡ್ರಂತೆ” ಎಂದು ನಕ್ಕಿರಿ. ನಗುವಾಗ ನನ್ನ ಮುಖ ನೋಡಲಿಲ್ಲ. ಒಳ್ಳೆಯದೇ ಆಯಿತು.

ಆ ದೋಣಿಗೆ ನಾನು ಬರುವುದಿಲ್ಲ. ಈ ತಿಂಗಳ ಕೊನೆಗೂ ಇಲ್ಲ, ವರ್ಷದ ಕೊನೆಗೂ ಇಲ್ಲ. ಸುಮ್ಮನೆ ಕೂತು ಹೋಗಬೇಕೆನಿಸಿದರೆ ಊರಲ್ಲಿ ಬಸ್ಸುಗಳಿವೆ.

ಇತಿ,
ರಾಣಿಯಾಗಲು ಒಲ್ಲದ,
ನಿಮ್ಮ ಹೆಂಡತಿ

ತಾ.ಕ.: ಆ ತಲೆಕೆಟ್ಟವಳು ನಾನೇ. ಮುದುಕಿ ಈಗ ನಮ್ಮ ಹೊಲಿಗೆ ಕೋಣೆಯ ಹಿಂದಿನ ನೀರಿನಲ್ಲಿ ನಿಂತಿದ್ದಾಳೆ, ಅವಳಿಗೆ ಹೊಸ ಹಾಯಿ ಹೊಲಿದು ಮುಗಿಸಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಏರಿಸಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ, ನಿಮಗೂ ಗೊತ್ತು. ತಂಗಿ ಬರುತ್ತೇನೆ ಎಂದಿದ್ದಾಳೆ, ಆದರೆ ಬಕೆಟ್ಟಿನಲ್ಲಿ ನೀರು ಅಲುಗಾಡಿದರೂ ವಾಂತಿ ಮಾಡಿಕೊಳ್ಳುವವಳು ಅವಳು. ಅವಳಿಗಿಂತ ಮೊದಲು ಬೇರೆ ಯಾರಾದರೂ ಬಂದರೆ ನಾನು ಬೇಡ ಎನ್ನುವುದಿಲ್ಲ. ಸೋರುವ ಜಾಗವನ್ನು ಮಾತ್ರ ಇನ್ನೂ ಸರಿಮಾಡಿಸಿಲ್ಲ. ಈ ಸಲ ಅದರ ಕೆಳಗಿನ ಹಾಸಿಗೆ ಬಂದವರದು.